ಎಣಿಸುವ ಬೆರಳು

ನನಗೆ ಕೋಪ ಜಾಸ್ತಿ. ಇದನ್ನ ನಾನೇ ಮೊದಲು ಹೇಳಿಬಿಡ್ತೀನಿ, ಬೇರೆಯವರ ಬಾಯಲ್ಲಿ ನೀವು ಕೇಳೋದು ಬೇಡ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಗೌಹರ್ ಮಿಸ್ ಅಂದ್ರೆ ಯಲಹಂಕದ ಕಡೆ ಈಗ್ಲೂ ಕೆಲವು ತಲೆ ನರೆತ ಗಂಡಸರು ಬಸ್‌ಸ್ಟಾಪಲ್ಲಿ ಥಟ್ಟನೆ ಸಿಗರೇಟು ಬಚ್ಚಿಡ್ತಾರೆ. ಅದು ಗೌರವ ಅಂತ ನಾನು ತಿಳ್ಕೊಂಡಿದ್ದೀನಿ. ಭಯ ಆಗಿದ್ರೂ ನನಗೇನೂ ಬೇಜಾರಿಲ್ಲ.

ಆದ್ರೆ ಈಗ ಹೇಳೋ ವಿಷಯದಲ್ಲಿ ತಪ್ಪು ನಂದು. ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಬಲಗೈ ತೋರುಬೆರಳನ್ನ ಮುಷ್ಟಿಯೊಳಗೆ ಮಡಚಿಟ್ಕೊಂಡು, ಜನ್ಮದಲ್ಲಿ ಇದನ್ನ ಬಿಚ್ಚಲ್ಲ ಅಂತ ಕೂತಳಲ್ಲ, ಅದಕ್ಕೆ ಅರ್ಧ ಕಾರಣ ನಾನು.

ಎಂಬತ್ತೆರಡನೇ ಇಸವಿ. ಪುಟ್ಟೇನಹಳ್ಳಿ ಕೆರೆ ಪಕ್ಕ ನಮ್ಮ ಶಾಲೆ, ಎರಡು ಕೋಣೆ, ಒಂದು ಜಗಲಿ. ನಾನು ಆರ್.ಟಿ. ನಗರದಿಂದ ಬಸ್ಸಲ್ಲಿ ಬರ್ತಿದ್ದೆ. ವಿಜ್ಞಾನದ ಸಾಮಾನು ಅಂತ ಒಂದು ಮರದ ಪೆಟ್ಟಿಗೆ ಇತ್ತು, ಬೀಗದಕೈ ಹೆಡ್‌ಮಾಸ್ಟರ್ ಹನುಮಯ್ಯನವರ ಹತ್ರ. ಒಂದಿನ ಜಗಳ ಆಡಿ ತೆಗೆಸಿದೆ. ಒಳಗೆ ಒಂದು ಅಯಸ್ಕಾಂತ, ಒಡೆದ ಗಾಜಿನ ನಳಿಕೆ ಎರಡು, ಒಂದು ಸತ್ತ ಹಲ್ಲಿ.

"ಇದನ್ನಿಟ್ಕೊಂಡು ನಾಲ್ಕನೇ ಕ್ಲಾಸಿಗೆ ಸಸ್ಯಗಳ ಪಾಠ ಹೇಗೆ ಮಾಡ್ಲಿ ಸಾರ್?" ಅಂದೆ.

"ಪ್ರಾಣಿಗಳ ಪಾಠ ಮೊದ್ಲು ಮಾಡಿ, ಹಲ್ಲಿ ಇದೆಯಲ್ಲ" ಅಂದ್ರು. ಒಳ್ಳೇ ಮನುಷ್ಯ, ಹಾಸ್ಯ ಮಾತ್ರ ಅಷ್ಟಕ್ಕಷ್ಟೆ.

ಸರಿ, ಶಾಲೆ ಹಿಂದಿನ ಜಾಗ ಕೊಡಿ, ಮಕ್ಕಳ ಕೈಲಿ ತೋಟ ಮಾಡಿಸ್ತೀನಿ ಅಂದೆ. ಕೊಟ್ರು. ಕಾಂಗ್ರೆಸ್ ಗಿಡ ಕಿತ್ತು, ಕಲ್ಲು ಆರಿಸಿ, ಮೆಂತ್ಯ, ಅವರೆ, ಟೊಮೇಟೊ ಹಾಕಿದ್ವಿ. ಮೂಲೆಯ ಗೊಬ್ಬರದ ಗುಂಡಿ ಮೇಲೆ ಸಿಹಿಗುಂಬಳದ ಬೀಜ ಊರಿದ್ವಿ. ಉಳಿದ ಗಿಡಗಳೆಲ್ಲ ಹೇಳಿದಷ್ಟು ಬೆಳೆದ್ರೆ ಈ ಕುಂಬಳ ಮಾತ್ರ ಕಾಂಪೌಂಡ್ ಗೋಡೆ ಹತ್ತಿ ಆಚೆ ಇಳಿದು ರಸ್ತೆವರೆಗೂ ಹೋಯ್ತು. ಒಬ್ಬೊಬ್ಬ ಹುಡುಗನಿಗೂ ಹುಡುಗಿಗೂ ಒಂದೊಂದು ಗಿಡ ಹಂಚಿದ್ದೆ. ದಿನಾ ನೋಡ್ಬೇಕು, ಎಣಿಸ್ಬೇಕು, ಪುಸ್ತಕದಲ್ಲಿ ಬರೀಬೇಕು. ಕುಂಬಳ ಗಂಗಿಯ ಪಾಲಿಗೆ ಬಂತು.

ಗಂಗಿ ಅಂದ್ರೆ ಗಂಗಾದೇವಿ. ಬಿಜಾಪುರದ ಕಡೆಯವರು. ಅಪ್ಪ ಕಾಶಿನಾಥನಿಗೆ ಇಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿ ಆ ವರ್ಷವೇ ಬಂದಿದ್ರು. ಅವಳು ಬಾಯಿ ಬಿಟ್ರೆ ಕ್ಲಾಸ್ ನಗೋದು, "ಹೌದ್ರಿ ಅಕ್ಕೋರ" ಅನ್ನೋದನ್ನ ಹಿಂದಿನ ಬೆಂಚಿನ ಹುಡುಗರು ರಾಗವಾಗಿ ಹೇಳೋರು. ಅದಕ್ಕೇ ಅವಳು ಮಾತು ಕಡಿಮೆ ಮಾಡಿ ಕಣ್ಣು ಜಾಸ್ತಿ ಮಾಡಿದ್ಲು. ನಾನು ಹೂ ಎಣಿಸು ಅಂತ ಅಷ್ಟೇ ಹೇಳಿದ್ದು. ಈ ಹುಡುಗಿ ಪುಸ್ತಕದಲ್ಲಿ ತಾನೇ ಗೆರೆ ಎಳೆದು ಎರಡು ಸಾಲು ಮಾಡಿದ್ಲು: ಬುಡದಲ್ಲಿ ಹೀಚು ಇರೋ ಹೂ ಒಂದು ಸಾಲು, ಉದ್ದ ತೊಟ್ಟಿನ ಬರೀ ಹೂ ಇನ್ನೊಂದು ಸಾಲು. ಬೆರಳು ಚಾಚಿ ಒಂದು, ಎರಡು, ಮೂರು ಅಂತ ಎಣಿಸಿ, ಓಡಿ ಬಂದು ಬರೆಯೋಳು.

ನಾನು ನೋಡಿದ್ನಾ? ಎಲ್ಲಿ! ನಲವತ್ತೆಂಟು ಪುಸ್ತಕ ರೀ. ಕೆಂಪು ಪೆನ್ನಲ್ಲಿ ಸರಿ ಗುರುತು ಹಾಕೋದು, ಎಸೆಯೋದು. ಅಷ್ಟೇ ನನ್ನ ಕೆಲಸ.

ಡಿಸೆಂಬರ್ ಮಧ್ಯೆ ಧನುರ್ಮಾಸ ಶುರುವಾಯ್ತು. ನಮ್ಮ ಶಾಲೆಯ ಆಯಾ ಲಕ್ಷ್ಮಿದೇವಮ್ಮ ಬಂದು ತಲೆ ಕೆರ್ಕೊಂಡು ನಿಂತ್ಲು. ಅರವತ್ತು ದಾಟಿದ ಹೆಂಗಸು, ಶಾಲೆ ಕಟ್ಟೋದಕ್ಕೆ ಮುಂಚೆ ಆ ಜಾಗದಲ್ಲಿ ರಾಗಿ ಬೆಳೀತಿದ್ದವರ ಮನೆಯವಳು.

"ಮೇಡಮ್ಮೋರೆ, ಒಂದು ಮಾತು. ಬೆಳಿಗ್ಗೆ ಬಾಗ್ಲ ಮುಂದೆ ರಂಗೋಲಿ ಬಿಟ್ಟು ಸಗಣಿ ಉಂಡೆ ಇಡ್ತೀವಲ್ಲ, ಅದ್ಕೆ ಕುಂಬಳದ ಊವ ಬೇಕು. ಈಚು ಇರೋದ್ನ ನಾನು ಮುಟ್ಟಾಕಿಲ್ಲ. ಬರೀ ಊವ ಎಂಗೂ ಕಾಯಿ ಕಟ್ಟಾಕಿಲ್ಲ. ತಗೊಳ್ಲಾ?"

ನನಗೆ ಎಷ್ಟು ಖುಷಿಯಾಯ್ತು ಅಂದ್ರೆ! ನಮ್ಮ ತೋಟದ ಹೂವು ಊರಿನವರ ದೇವರಿಗೆ ಹೋಗುತ್ತೆ, ಅದೂ ನನ್ನನ್ನ ಕೇಳಿ. "ಅಯ್ಯೋ, ಕೇಳ್ಬೇಕಾ ಲಕ್ಷ್ಮಿದೇವಮ್ಮ? ಅಷ್ಟೂ ತಗೊಂಡ್ ಹೋಗಿ. ಅಕ್ಕಪಕ್ಕದವರಿಗೂ ಕೊಡಿ" ಅಂದೆ. ಅವಳು ದಿನಾ ಬೆಳಕು ಹರಿಯೋ ಹೊತ್ತಿಗೆ ಬಂದು ಒಂದು ತಟ್ಟೆ ಹೂ ಬಿಡಿಸ್ಕೊಂಡು ಹೋಗ್ತಿದ್ಲು. ಶಾಲೆ ಬಾಗಿಲ ಮುಂದೂ ದಿನಾ ಒಂದು ರಂಗೋಲಿ, ಅದರ ಮಧ್ಯೆ ಸಗಣಿ ಉಂಡೆ, ಅದರ ತಲೆ ಮೇಲೆ ಹಳದಿ ಹೂ. ನಾನು ಸುತ್ತು ಹಾಕಿ ದಾಟಿ ಒಳಗೆ ಹೋಗ್ತಿದ್ದೆ.

ಹತ್ತು ದಿನ ಆಗಿರ್ಬೇಕು. ಒಂದು ಸೋಮವಾರ ತೋಟದಿಂದ ಗಲಾಟೆ. ಹೋಗಿ ನೋಡಿದ್ರೆ ಕುಂಬಳದ ಹೀಚುಗಳೆಲ್ಲ ಹಳದಿಯಾಗಿ ಉದುರಿ ಬಿದ್ದಿವೆ. ಒಂದೂ ನಿಂತಿಲ್ಲ. ನವೆಂಬರಲ್ಲಿ ಕಟ್ಟಿದ ಎರಡು ಕಾಯಿ ಮಾತ್ರ ಗೋಡೆ ಮೇಲೆ ದಪ್ಪಗೆ ಕೂತಿವೆ.

"ಯಾರ್ರೋ ಈಚಿಗೆ ಬೆಳ್ಳು ತೋರ್ಸಿದ್ದು?" ಲಕ್ಷ್ಮಿದೇವಮ್ಮ ಸೊಂಟಕ್ಕೆ ಕೈಯಿಟ್ಟು ಕೇಳ್ತಿದ್ದಾಳೆ. "ನೆಟ್ಟಗೆ ಬೆಳ್ಳು ತೋರ್ಸಿದ್ರೆ ಈಚು ನಿಲ್ಲಾಕಿಲ್ಲ, ಕೊಳ್ತೋಯ್ತದೆ. ಬೆಳ್ಳು ಮಡ್ಚಿ ತೋರ್ಸ್ಬೇಕು. ನಿಮ್ಮವ್ವ ಏಳ್ಕೊಟ್ಟಿಲ್ವಾ?"

ನಲವತ್ತೇಳು ಮಕ್ಕಳೂ ಒಬ್ಬಳ ಕಡೆ ತಿರುಗಿದ್ರು. "ಗಂಗಿ! ಗಂಗಿ ದಿನಾ ತೋರಿಸ್ತಾಳೆ! ಎಣಿಸ್ತಾಳೆ!"

ಆಗ ನಾನು ಏನ್ ಮಾಡ್ಬೇಕಿತ್ತು? ಕೂರಿಸಿ, ಇದು ಸುಳ್ಳು ಕಣ್ರೋ, ಎಣಿಸು ಅಂದಿದ್ದು ನಾನು ಕಣ್ರೋ ಅಂತ ಹೇಳ್ಬೇಕಿತ್ತು. ಹನುಮಯ್ಯನವರು ಒಳಗಿಂದ ಹಾಜರಿ ಪುಸ್ತಕಕ್ಕೆ ಕೂಗ್ತಿದ್ರು. "ಏಯ್, ಸುಮ್ನೆ ಒಳಗೆ ನಡೀರಿ, ಬೆರಳಂತೆ ಬೆರಳು!" ಅಂತ ಗದರಿ ಹೊರಟ್ಹೋದೆ. ಅವತ್ತು ಪುಸ್ತಕ ತಿದ್ದುವಾಗ ಗಂಗಿಯ ಪುಟದ ಕೊನೇಲಿ ಸಣ್ಣಕ್ಷರದಲ್ಲಿ "ಮನೆಯಲ್ಲಿ 0" ಅಂತ ಇತ್ತು. ಮನೇಲೂ ಒಂದು ಬಳ್ಳಿ ಹಾಕಿದ್ದಾರೇನೋ ಅಂದ್ಕೊಂಡೆ. ಸರಿ ಗುರುತು ಹಾಕಿದೆ.

ಮಾರನೇ ದಿನದಿಂದ ಹುಡುಗಿಯ ಅಕ್ಷರ ಕೆಟ್ಟೋಯ್ತು. ಬಳಪ ಮುಷ್ಟೀಲಿ ಹಿಡ್ಕೊಂಡು ಗೀಚ್ತಾಳೆ, ತೋರುಬೆರಳು ಒಳಗೆ ಮಡಚಿದೆ. "ಬೆರಳು ಬಿಚ್ಚಿ ಸರಿಯಾಗಿ ಹಿಡ್ಕೋ" ಅಂದೆ. ಇಲ್ಲ. ಇನ್ನೊಂದ್ಸಲ ಅಂದೆ. ಇಲ್ಲ. ಗುರುವಾರ ನನ್ನ ಕೋಪ ನೆತ್ತಿಗೇರ್ತು. ಸ್ಕೇಲ್ ತಗೊಂಡು ಆ ಮುಷ್ಟಿ ಮೇಲೆ ಒಂದು ಕೊಟ್ಟೆ. ಅವಳು ಅಳ್ಲಿಲ್ಲ, ಆ ಬೆರಳನ್ನ ಇನ್ನೂ ಗಟ್ಟಿಯಾಗಿ ಒಳಗೆ ಎಳ್ಕೊಂಡ್ಲು. ಹಿಂದಿನಿಂದ ಒಬ್ಬ "ಬೆರಳು ಗಂಗಿ" ಅಂದ. ಶುಕ್ರವಾರ ಅವಳು ಶಾಲೆಗೆ ಬರ್ಲಿಲ್ಲ. ಶನಿವಾರವೂ ಇಲ್ಲ.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮನೆ ಹುಡುಕ್ಕೊಂಡು ಹೋದೆ. ವಠಾರದಲ್ಲಿ ಒಂದೇ ಕೋಣೆಯ ಮನೆ. ಅಂಗಳವೇ ಇಲ್ಲ, ಬಳ್ಳಿ ಹಾಕೋಕೆ ಒಂದು ಗೇಣು ಮಣ್ಣಿಲ್ಲ. ಆಗ್ಲೇ ನನಗೆ ಏನೋ ಕುಟುಕ್ತು.

ಗಂಗಿಯ ಅಮ್ಮ ನೀಲಕ್ಕ ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ಲು. ಮುಖದಲ್ಲಿ ರಕ್ತ ಇಲ್ಲ. ನನ್ನನ್ನ ನೋಡಿ ಏಳೋಕೆ ಹೋದ್ಲು, ಬೇಡ ಅಂತ ಕೂರಿಸಿದೆ.

"ಏನ್ ಹೇಳ್ಲಿರಿ ಅಕ್ಕೋರ" ಅಂದ್ಲು. "ಬಸರಾಗಿ ಐದು ತಿಂಗಳಾಗಿತ್ರಿ. ಹ್ವಾದ ವಾರ ಹೋತ್ರಿ. ನಾ ಹ್ಯಾಂಗರ ಎದ್ದ ಕುಂಡ್ರತೇನಿ, ಈ ಹುಡುಗಿದ ನನಗ ಚಿಂತಿ. ಉಣ್ಣೂದಿಲ್ಲ, ಮಾತಿಲ್ಲ. ನನ್ನ ಹಂತೇಕ ಬರೂದಿಲ್ಲ. ನಾ ಕರದ್ರ ಆ ಮೂಲ್ಯಾಗ ಹೋಗಿ ಕುಂಡ್ರತಾಳ. ಇವರ ಅಪ್ಪ ಐತವಾರ ಊರಿಗೆ ಕರಕೊಂಡ ಹೋಗಿ ಅಜ್ಜಿ ಹತ್ರ ಬಿಟ್ಟ ಬರ್ತೇನಂತಾರ. ಸಾಲಿ ಸಾಕಂತ."

ಗಂಗಿ ಮೂಲೇಲಿ ಪಾತ್ರೆ ಹಲಗೆ ಪಕ್ಕ ಕೂತಿದ್ಲು, ಬಲಗೈ ಲಂಗದೊಳಗೆ. ನಾನು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಬೈಬೇಕು ಅಂತ ಬಂದಿದ್ದೆ, ಬೈಗುಳ ಬಾಯಿಗೆ ಬರ್ಲಿಲ್ಲ. "ಕುಂಬಳ ಎಣಿಸೋರಿಲ್ಲ ಗಂಗಾ" ಅಂದೆ.

ಅವಳು ನನ್ನ ಕಡೆ ತಿರುಗಿದ್ಲು. ಆಮೇಲೆ ಎಡಗೈಯಲ್ಲಿ ಚೀಲ ಎಳೆದು ಪುಸ್ತಕ ತೆಗೆದು ಒಂದು ಪುಟ ತೋರಿಸಿದ್ಲು. ನವೆಂಬರಿನ ಪುಟ. ಹೀಚು ಹೂ 2, ಬರೀ ಹೂ 7. ಅದರ ಕೆಳಗೆ ಪುಟ್ಟದಾಗಿ: ಮನೆಯಲ್ಲಿ 1.

"ಅವ್ವನ ಹೊಟ್ಟಿಗೆ ಬೆರಳ ಹಚ್ಚಿ ಅದನ್ನೂ ಎಣಸಿದ್ದೆರಿ" ಅಂತ ನನ್ನ ಕಿವೀಲಿ ಪಿಸುಗುಟ್ಟಿದ್ಲು. "ದಿನಾ ಎಣಸಿದೆರಿ. ಅದಕ್ಕ ಬಿತ್ರಿ."

ಪುಟ ತಿರುಗಿಸಿದೆ. ಮನೆಯಲ್ಲಿ 1, ಮನೆಯಲ್ಲಿ 1, ಮನೆಯಲ್ಲಿ 1. ಆಮೇಲೆ ಸೋಮವಾರ, ಮನೆಯಲ್ಲಿ 0. ಅದರ ಪಕ್ಕ ನನ್ನ ಕೆಂಪು ಪೆನ್ನಿನ ಸರಿ ಗುರುತು. ಯಾ ಅಲ್ಲಾ, ನನ್ನ ಕೈ ಸೇದಿ ಹೋಗ್ಬಾರದಾ ಅನ್ನಿಸ್ತು. ಒಂದು ಮಗು ತನ್ನ ತಮ್ಮನನ್ನೋ ತಂಗಿಯನ್ನೋ ಕಳ್ಕೊಂಡೆ ಅಂತ ಬರೆದು ಕೊಟ್ರೆ ನಾನು ಸರಿ ಅಂತ ಹಾಕಿದ್ದೀನಿ.

ನೀಲಕ್ಕನಿಗೆ ಇದು ಕೇಳಿಸಿರ್ಲಿಲ್ಲ. ನಾನೂ ಹೇಳ್ಲಿಲ್ಲ, ಅಮ್ಮನಿಗೆ ಹೇಳೋ ಹಕ್ಕು ಹುಡುಗಿಯದು. "ನೀಲಕ್ಕಾ, ಶನಿವಾರದವರೆಗೂ ಇವಳನ್ನ ನನಗೆ ಕೊಡಿ. ಆಮೇಲೂ ನಿಮಗೆ ಕಳಿಸ್ಬೇಕು ಅನ್ನಿಸಿದ್ರೆ ಕಳಿಸಿ" ಅಂದೆ. ಪುಸ್ತಕ ಕೇಳಿ ಇಸ್ಕೊಂಡೆ.

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಮೊದಲ ಸಲ ಆ ಪುಸ್ತಕವನ್ನ ಓದಿದೆ. ಹೌದು, ಮೊದಲ ಸಲ! ನವೆಂಬರಿನಲ್ಲಿ ಬರೀ ಹೂ ಏಳು, ಒಂಬತ್ತು, ಆರು. ಧನುರ್ಮಾಸ ಹಿಡಿದ ದಿನದಿಂದ ಬರೀ ಹೂ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ. ಹೀಚು ಹೂ ಮಾತ್ರ ಎರಡು, ಮೂರು ಇದ್ದೇ ಇವೆ. ಕಟ್ಟಿ ನಿಂತ ಎರಡು ಕಾಯಿ ನವೆಂಬರಿನವು. ಆಗ್ಲೂ ಎಣಿಸಿದ್ದು ಇದೇ ಬೆರಳು. ಬೆರಳಿಂದ ಬೀಳೋದಾದ್ರೆ ಆ ಎರಡೂ ಯಾಕೆ ಬೀಳ್ಲಿಲ್ಲ? ಹೆಬ್ಬಾಳದ ಹತ್ರ ಬಸ್ಸು ನಿಂತಾಗ ನಾನು "ಅರೆ!" ಅಂತ ಜೋರಾಗೇ ಅಂದಿರ್ಬೇಕು, ಮುಂದಿನ ಸೀಟಿನವರು ತಿರುಗಿ ನೋಡಿದ್ರು.

ಮಾರನೇ ದಿನ ಮೊದಲನೇ ಬಸ್ಸು ಹಿಡಿದೆ. ಕೆರೆ ಮೇಲೆ ಇನ್ನೂ ಮಂಜಿತ್ತು. ಲಕ್ಷ್ಮಿದೇವಮ್ಮ ತಟ್ಟೆ ಹಿಡಿದು ಹೂ ಬಿಡಿಸ್ತಿದ್ಲು. ಅವಳ ತಟ್ಟೆಯಿಂದ ಒಂದು ಬರೀ ಹೂ ತಗೊಂಡೆ, ಬಳ್ಳಿಯಿಂದ ಒಂದು ಹೀಚು ಹೂ ಕಿತ್ತೆ. "ಅಯ್ಯಯ್ಯೋ, ಈಚು ಕೀಳ್ತಾವ್ರೆ!" ಅಂತ ಅವಳು ಬಾಯಿ ಮುಚ್ಕೊಂಡ್ಲು. ಎರಡನ್ನೂ ನಲ್ಲಿ ಕಟ್ಟೆ ಮೇಲಿಟ್ಟು ಬ್ಲೇಡಲ್ಲಿ ಸೀಳಿದೆ. ಬರೀ ಹೂವಿನ ಒಳಗೆ ಹಳದಿ ಪುಡಿ, ಮುಟ್ಟಿದ್ರೆ ಬೆರಳಿಗೆ ಅಂಟುತ್ತೆ. ಹೀಚು ಹೂವಿನ ಒಳಗೆ ಪುಡಿಯ ಸುಳಿವೇ ಇಲ್ಲ.

ನಾನು ಏನ್ ಪಾಠ ಮಾಡಿದ್ದೆ ಗೊತ್ತಾ? ದಾಸವಾಳ ಸೀಳಿ ತೋರಿಸಿ, ಗಂಡು ಭಾಗ ಹೆಣ್ಣು ಭಾಗ ಎರಡೂ ಒಂದೇ ಹೂವಲ್ಲಿ ಇರುತ್ತೆ, ಎಲ್ಲಾ ಹೂವೂ ಹಿಂಗೇ ಅಂತ ಬೋರ್ಡ್ ತುಂಬ ಬರೆದಿದ್ದೆ. ಪುಸ್ತಕದಲ್ಲಿ ದಾಸವಾಳದ ಚಿತ್ರ ಇತ್ತು, ನನಗೆ ಅಷ್ಟೇ ಗೊತ್ತಿದ್ದು. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿನ ಪುಡಿಯನ್ನ ಜೇನುಹುಳ ಹೊತ್ತು ಹೆಣ್ಣು ಹೂವಿಗೆ ಮುಟ್ಟಿಸ್ಬೇಕು, ಇಲ್ಲದಿದ್ರೆ ಹೀಚು ಉದುರುತ್ತೆ. ಆ ಗಂಡು ಹೂವನ್ನ ದಿನಾ ಬೆಳಿಗ್ಗೆ ಒಂದೂ ಬಿಡದೆ ತಗೊಂಡ್ ಹೋಗಿ ಅಂತ ದೊಡ್ಡ ಮನಸ್ಸು ಮಾಡಿ ಹೇಳಿದವಳು ನಾನು!

ಈಗ ಲಕ್ಷ್ಮಿದೇವಮ್ಮನಿಗೆ ಬೇಡ ಅನ್ನೋದು ಹೇಗೆ? ದೇವರ ಹೂವು. ಬುರ್ಖಾ ಮಡಚಿ ಚೀಲದಲ್ಲಿಟ್ಕೊಂಡು ಪಾಠ ಮಾಡೋಳು ನಾನು, ನಾನು ಹೋಗಿ ನಿಮ್ಮ ದೇವರಿಗೆ ಹೂವಿಲ್ಲ ಅಂತ ಹೇಳಿದ್ರೆ ಚೆನ್ನಾಗಿರುತ್ತಾ? ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಪುಡಿ ತೋರಿಸಿದೆ, ಗಂಗಿಯ ಪುಸ್ತಕದ ಸೊನ್ನೆ ತೋರಿಸಿದೆ. ನೀಲಕ್ಕನ ವಿಷಯ ಹೇಳಿದೆ. ಹುಡುಗಿ ಯಾಕೆ ಬೆರಳು ಮಡಚಿದ್ದಾಳೆ ಅಂತ ಹೇಳಿದೆ.

ಅವಳು ಮೊದ್ಲು ರೇಗಿದ್ಲು. "ನಮ್ಮವ್ವ ಏಳಿದ್ದು, ನಮ್ಮಜ್ಜಿ ಏಳಿದ್ದು, ಎಲ್ಲಾ ಸುಳ್ಳಾ ಅಂಗಾರೆ?" ಆಮೇಲೆ ನಲ್ಲಿ ಕಟ್ಟೆ ಮೇಲೆ ಕೂತ್ಕೊಂಡ್ಲು. ತಟ್ಟೆಯ ಹೂವನ್ನೇ ನೋಡ್ತಾ ಇದ್ಲು. "ಆ ಕೂಸು ಅವ್ವನ ಒಟ್ಟೆ ಮುಟ್ಟಿದ್ದುಕ್ಕೆ ಅಂತ ತಿಳ್ಕೊಂಡೈತಾ? ನಾನು ಅಂದಿದ್ದುಕ್ಕೆ?" ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು. "ನಾಳೆಯಿಂದ ಉಚ್ಚೆಳ್ಳು ಊವ ಇಡ್ತೀನಿ ಬಿಡಿ ಮೇಡಮ್ಮೋರೆ. ಅದೂ ಅಳದಿನೇ ಅಲ್ವಾ. ದೇವ್ರು ಏನೂ ಅನ್ನಾಕಿಲ್ಲ."

ಬುಧವಾರ ಬೆಳಿಗ್ಗೆ ನಾನೇ ಹೋಗಿ ಗಂಗಿಯನ್ನ ಕರ್ಕೊಂಡು ಬಂದೆ. ಬಳ್ಳಿ ಮೇಲೆ ಅವತ್ತು ಎರಡು ಹೆಣ್ಣು ಹೂ ಅರಳಿದ್ವು, ನಾಲ್ಕು ಗಂಡು ಹೂ. ಕ್ಲಾಸನ್ನೆಲ್ಲ ಸುತ್ತ ನಿಲ್ಲಿಸಿದೆ. ಮೊದ್ಲು ನನ್ನ ತಪ್ಪು ಹೇಳಿದೆ, ದಾಸವಾಳದ್ದು. ಮಿಸ್ ತಪ್ಪು ಅಂತ ಒಪ್ಕೊಂಡಿದ್ದು ಅವರು ಹುಟ್ಟಿದಾಗಿಂದ ನೋಡಿರ್ಲಿಲ್ಲ, ಕಣ್ಣು ಬಾಯಿ ಬಿಟ್ರು. ಆಮೇಲೆ ಒಂದು ಹೆಣ್ಣು ಹೂವಿಗೆ ಗಂಡು ಹೂವಿನ ಪುಡಿ ಮುಟ್ಟಿಸಿದೆ. ಇನ್ನೊಂದಕ್ಕೆ ಪುಡಿ ಇಲ್ಲ, ಜೇನು ಹೋಗದ ಹಾಗೆ ಅದರ ಬಾಯಿಗೆ ದಾರ ಕಟ್ಟಿದೆ. ಎರಡರ ಬಾಯಿಗೂ ದಾರ, ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ.

"ಕೆಂಪು ದಾರದ್ದಕ್ಕೆ ಪುಡಿ ಹಾಕಿದೆ. ಅದಕ್ಕೆ ದಿನಾ ಎಲ್ರೂ ನೆಟ್ಟಗೆ ಬೆರಳು ತೋರಿಸ್ಬೇಕು. ಬಿಳಿ ದಾರದ್ದಕ್ಕೆ ಪುಡಿ ಇಲ್ಲ. ಅದಕ್ಕೆ ಯಾರೂ ಬೆರಳು ತೋರಿಸ್ಬಾರ್ದು. ಬೆರಳಿಂದ ಬೀಳೋದಾದ್ರೆ ಕೆಂಪಿಂದು ಬೀಳ್ಬೇಕು. ಪುಡಿ ಇಲ್ಲದೆ ಬೀಳೋದಾದ್ರೆ ಬಿಳಿದು ಬೀಳ್ಬೇಕು. ಶನಿವಾರ ನೋಡೋಣ" ಅಂದೆ.

ಯಾರೂ ಬೆರಳು ತೋರಿಸ್ಲಿಲ್ಲ! "ಬೆರಳು ಗಂಗಿ" ಅಂದ ಹುಡುಗ ಕೈ ಚಡ್ಡಿ ಜೇಬಿಗೆ ಇಳಿಸಿದ. ನಾನೇ ತೋರಿಸೋಣ ಅಂತ ಕೈ ಎತ್ತಿದ್ರೆ, ವಿಜ್ಞಾನ ಪಾಠ ಮಾಡೋ ನನ್ನ ಬೆರಳೇ ಒಂದು ಕ್ಷಣ ಮಡಚ್ಕೊಳ್ತು. ನಮ್ಮ ದಾದಿ, ಅಪ್ಪನ ಅಮ್ಮ, ಅವಳೂ ಇದನ್ನೇ ಹೇಳ್ತಿದ್ಲು ಅನ್ನೋದು ಆಗ ನೆನಪಾಯ್ತು. ಗಂಗಿ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟ್ಕೊಂಡ್ಲು.

ಆಗ ಲಕ್ಷ್ಮಿದೇವಮ್ಮ ಪೊರಕೆ ಕೆಳಗಿಟ್ಲು. ಮಕ್ಕಳನ್ನ ಸರಿಸ್ಕೊಂಡು ಮುಂದೆ ಬಂದ್ಲು. ಅರವತ್ತು ವರ್ಷದಲ್ಲಿ ಒಂದು ಹೀಚಿಗೂ ಬೆರಳು ತೋರಿಸದ ಹೆಂಗಸು, ಕೈ ಎತ್ತಿ ತೋರುಬೆರಳನ್ನ ನೆಟ್ಟಗೆ ಚಾಚಿದ್ಲು. "ತಗೋ, ತೋರ್ಸ್ದೆ. ಬಿದ್ರೆ ನನ್ನ ಬೆಳ್ಳಿಂದ ಬೀಳ್ಲಿ. ಬಾ ಮಗಾ, ನನ್ನ ಬೆಳ್ಳು ಪಕ್ಕ ನಿನ್ನ ಬೆಳ್ಳು ಇಡು" ಅಂದ್ಲು.

ಗಂಗಿ ಅವಳ ಮುಖ ನೋಡಿದ್ಲು, ನನ್ನ ಮುಖ ನೋಡಿದ್ಲು. ಮೆಲ್ಲಗೆ ಬಂದ್ಲು. ಮುಷ್ಟಿ ಬಿಚ್ಚಿತು. ಅಷ್ಟು ದಿನ ಮಡಚಿ ಮಡಚಿ ಬೆರಳು ಪೂರ್ತಿ ನೆಟ್ಟಗಾಗ್ಲಿಲ್ಲ, ಗೆಣ್ಣಿನ ಮೇಲೆ ನನ್ನ ಸ್ಕೇಲಿನ ಕಲೆ ಇನ್ನೂ ಇತ್ತು. ಅವಳು ತೋರಿಸಿದ ಮೇಲೆ ಉಳಿದವರೂ ತೋರಿಸಿದ್ರು.

ಆ ಮೂರು ದಿನ ನಾನು ಅನುಭವಿಸಿದ್ದು ನನಗೇ ಗೊತ್ತು. ಪುಡಿ ಹಾಕಿದ ಹೀಚೂ ಒಂದೊಂದ್ಸಲ ಬಿದ್ದು ಹೋಗುತ್ತೆ. ಹುಳ ಕಚ್ಚಬಹುದು, ಎಮ್ಮೆ ತುಳೀಬಹುದು. ಕೆಂಪು ದಾರದ್ದು ಬಿದ್ರೆ ಆ ಮಗುವಿಗೆ ನಾನೇ ಎದುರಿಗೆ ನಿಂತು ಸಾಬೀತು ಮಾಡಿ ಕೊಟ್ಟ ಹಾಗೆ. ಶುಕ್ರವಾರ ಆ ಹೀಚು ಸ್ವಲ್ಪ ಬಿಳಿಚಿದ ಹಾಗೆ ಕಾಣಿಸ್ತು. ಅವತ್ತು ಮನೇಲಿ ನಮಾಜಿಗೆ ಕೂತವಳು ಒಂದು ಕುಂಬಳಕಾಯಿಗೋಸ್ಕರ ದುವಾ ಕೇಳಿದೆ. ನಗ್ಬೇಡಿ.

ಶನಿವಾರ ಬೆಳಿಗ್ಗೆ ನಾನು ಬರೋಷ್ಟರಲ್ಲಿ ಮಕ್ಕಳೆಲ್ಲ ಗೋಡೆ ಹತ್ರ ಇದ್ರು. ಜಾಗ ಬಿಟ್ರು. ಬಿಳಿ ದಾರದ ಹೀಚು, ಯಾರೂ ಬೆರಳು ತೋರಿಸದೆ ಕಾಪಾಡಿದ್ದು, ಹಳದಿಯಾಗಿ ಸುಕ್ಕುಗಟ್ಟಿ ಜೋತುಬಿದ್ದಿತ್ತು. ಕೆಂಪು ದಾರದ್ದು ನಿಂಬೆಹಣ್ಣಿನ ಗಾತ್ರ ಆಗಿ ಹಸಿರಾಗಿ ಹೊಳೀತಿತ್ತು. ನಲವತ್ತೆಂಟು ಬೆರಳು, ಮೇಲೆ ಲಕ್ಷ್ಮಿದೇವಮ್ಮನದು ಒಂದು. ಅಷ್ಟೂ ತಡ್ಕೊಂಡು ಬೆಳೆದಿತ್ತು.

ಗಂಗಿ ಕುಣೀತಾಳೆ ಅಂದ್ಕೊಂಡಿದ್ದೆ. ಅವಳು ಆ ಕಾಯಿಯನ್ನೇ ನೋಡ್ತಾ ನಿಂತ್ಲು. ಆಮೇಲೆ ಕೇಳಿದ್ಲು, "ಹಂಗಾರ ನಮ್ಮನ್ಯಾಂದು ಯಾಕ ಬಿತ್ರಿ ಅಕ್ಕೋರ?"

ಏನಾದ್ರೂ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಆದ್ರೆ ಆ ಪುಸ್ತಕದಲ್ಲಿ ಒಂದು ದಿನವೂ ಸುಳ್ಳು ಬರೆಯದ ಮಗು ಅದು. ಕೂತು ಅವಳ ಬೆರಳು ಹಿಡ್ಕೊಂಡೆ. "ನನಗೆ ಗೊತ್ತಿಲ್ಲ ಕಣಮ್ಮ. ಡಾಕ್ಟರಿಗೂ ಎಷ್ಟೋ ಸಲ ಗೊತ್ತಾಗಲ್ಲ. ಆದ್ರೆ ಬೆರಳಿಂದ ಅಲ್ಲ. ಅಷ್ಟು ಮಾತ್ರ ಈಗ ನಿನಗೂ ಗೊತ್ತು, ನನಗೂ ಗೊತ್ತು. ಈ ಬೆರಳಿಗೆ ಹೊಡೆದೆನಲ್ಲ, ನನ್ನ ತಪ್ಪು."

ಆಗ ಅತ್ತಳು. ಎರಡು ವಾರದ್ದೆಲ್ಲ ಒಂದೇ ಸಲ. ಲಕ್ಷ್ಮಿದೇವಮ್ಮ ಅವಳನ್ನ ಮಡಿಲಿಗೆ ಎಳ್ಕೊಂಡು ತಾನೂ ಅತ್ತಳು. ನಾನು ಅಳ್ಲಿಲ್ಲ, ಕ್ಲಾಸ್ ಎದುರಿಗೆ ಇತ್ತು.

ಮಧ್ಯಾಹ್ನ ಮನೆಗೆ ಬಿಡೋಕೆ ಜೊತೇಲಿ ಹೋದೆ. ಗಂಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟವಳೇ ನೀಲಕ್ಕನ ಹತ್ರ ಹೋಗಿ ಕೂತು ತಾನೇ ಎಲ್ಲ ಹೇಳಿದ್ಲು, ಎಣಿಸಿದ್ದು, ಬರೆದದ್ದು, ಬೆರಳು ಮಡಚಿದ್ದು. ನೀಲಕ್ಕ ಕೇಳ್ತಾ ಕೇಳ್ತಾ ಮಗಳ ಕೈ ಹಿಡ್ಕೊಂಡ್ಲು. "ನನ್ನ ಹಂತೇಕ ಬರದ ಕುಂತಿದ್ದು ಇದಕ್ಕೇನವ್ವ?" ಅಂದ್ಲು. "ನಾ ನಿನಗ ನನ್ನ ಮ್ಯಾಲೆ ಸಿಟ್ಟು ಅಂತ ತಿಳಕೊಂಡಿದ್ನಲ್ಲೇ." ಮಗಳ ಬೆರಳನ್ನ ತುಟಿಗೆ ಒತ್ಕೊಂಡು ಕೂತ್ಬಿಟ್ಲು. ಊರಿಗೆ ಕಳಿಸೋ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಮುಂದಿನ ವರ್ಷ ಗಂಗಿ ಐದನೇ ಕ್ಲಾಸು. ತೋಟಕ್ಕೆ ಮತ್ತೆ ಕುಂಬಳ ಹಾಕಿದ್ವಿ, ಎಣಿಸೋ ಕೆಲಸ ಅವಳದ್ದೇ, ಯಾರಿಗೂ ಬಿಟ್ಟುಕೊಡಲ್ಲ. ಆಗಸ್ಟಿನಲ್ಲಿ ಒಂದು ಸೋಮವಾರ ಪುಸ್ತಕ ತಿದ್ದೋಕೆ ಕೂತೆ. ಈಗ ನಾನು ಪ್ರತಿ ಸಾಲೂ ಓದ್ತೀನಿ. ಎಲೆ 14, ಬಳ್ಳಿ ಉದ್ದ ಮೂರು ಮೊಳ. ಅದರ ಕೆಳಗೆ ಪುಟ್ಟದಾಗಿ: ಮನೆಯಲ್ಲಿ 1.

ತಲೆ ಎತ್ತಿ ನೋಡಿದೆ. ಎದುರಿಗೇ ನಿಂತಿದ್ಲು.

"ಅವ್ವ ತಾನ ನನ್ನ ಬೆರಳ ಹಿಡಕೊಂಡು ಹೊಟ್ಟಿ ಮ್ಯಾಲೆ ಇಟ್ಟಳ್ರಿ" ಅಂದ್ಲು. "ಎಣಸವ್ವ ಅಂದಳ್ರಿ."

ಕೆಂಪು ಪೆನ್ನು ಕೈಲಿತ್ತು. ಮುಚ್ಚಳ ಹಾಕಿದೆ. ಆ ಸಲ ನಾನು ಅವಸರ ಮಾಡ್ಲಿಲ್ಲ, ವಾರ ವಾರ ಅದೇ 1 ನೋಡಿ ಪುಟ ತಿರುಗಿಸ್ತಿದ್ದೆ. ಜನವರಿ ಕೊನೇಲಿ ಒಂದು ಬೆಳಿಗ್ಗೆ ಗಂಗಿ ವಠಾರದಿಂದ ಶಾಲೆವರೆಗೂ ಓಡಿ ಬಂದು, ಉಸಿರು ಬಿಡ್ತಾ, ಬೆರಳು ನೆಟ್ಟಗೆ ಚಾಚಿ ಮನೆ ದಿಕ್ಕಿಗೆ ತೋರಿಸಿದ್ಲು. ಮನೇಲಿ ಕೂಸು ಹುಟ್ಟಿತ್ತು. ಅವತ್ತು ಹಳೇ ಪುಟ ಎಲ್ಲಾ ತಿರುಗಿಸಿ, ಆಗಸ್ಟಿನಿಂದ ಬರೆದ ಒಂದೊಂದು ಒಂದರ ಪಕ್ಕಕ್ಕೂ ಸರಿ ಗುರುತು ಹಾಕಿದೆ.